ದುಂದುಗಾರನಲ್ಲದ ಸ್ಕ್ವಾಂಡರರ್

ಡೊಂಬಿವಲಿ, ಕಲ್ಯಾಣದ ನಾವೆಲ್ಲ ದಾದರಿನಲ್ಲಿ ಗಾಡಿ ಬದಲಿಸಿ ಮಹಾಲಕ್ಷ್ಮಿ ದೇವಿಯ ದರ್ಶನಕ್ಕೆ ಹೋಗುವವರೇ. ಹತ್ತಿರದ ರೇಸ್‌ಕೋರ್ಸಿನ ಕಡೆ ಮಾತ್ರ ಮುಖ ತಿರುಗಿಸುವುದಿಲ್ಲ. ರೇಸಿಗೆ ಹೋಗುವವನಿಗೆ ನಮ್ಮ ಹಿರಿಯರು ಹೆಣ್ಣು ಕೊಡುತ್ತಿರಲಿಲ್ಲವಲ್ಲ! ಜೂಜು ನನಗೂ ಆಗದು. ಆದರೆ ಬಾಜಿಯ ಲೆಕ್ಕ ಕುದುರೆಗೇನು ಗೊತ್ತು?

ಇಲ್ಲಿ ರೇಸ್ ಶುರುವಾದದ್ದು 1883ರಲ್ಲಿ. 1943ರ ಮೊದಲ ಇಂಡಿಯನ್ ಡರ್ಬಿ ಗೆದ್ದದ್ದು ಬರೋಡಾ ಮಹಾರಾಜರ ಪ್ರಿನ್ಸೆಸ್ ಬ್ಯೂಟಿಫುಲ್. ಹೆಣ್ಣು ಕುದುರೆ, ಗೆಳತಿಯರೇ, ನೆನಪಿರಲಿ.

ನನ್ನ ಮೆಚ್ಚಿನದು 1977ರ ಡರ್ಬಿ ವಿಜೇತ ಸ್ಕ್ವಾಂಡರರ್. ಹೆಸರಿನ ಅರ್ಥ ದುಂದುಗಾರ. ಆದರೆ ಓಡಿದ 19 ರೇಸುಗಳಲ್ಲಿ ಕಳೆದುಕೊಂಡದ್ದು ಒಂದನ್ನೇ! ಡರ್ಬಿಯ ದೂರ 2400 ಮೀಟರ್. ಬರೀ ವೇಗ ಸಾಲದು. ಮೊದಲೇ ಶಕ್ತಿ ದುಂದು ಮಾಡಿದ ಕುದುರೆ ಕೊನೆಯ ನೇರ ಓಟದಲ್ಲಿ ಸೋಲುತ್ತದೆ. ಹಿಡಿತದಲ್ಲಿ ಓಡಿ, ಬೇಕಾದಾಗ ಬಿಚ್ಚಿಕೊಳ್ಳುವುದನ್ನು ಕಲಿಸಬೇಕು. ಇದರ ತರಬೇತುದಾರ ರಶೀದ್ ಬೈರಾಮ್‌ಜಿ. ಬೆಂಗಳೂರಿನ ಲಾಯಗಳಲ್ಲಿ ದಶಕಗಟ್ಟಲೆ ದುಡಿದವರು. ಆದ್ದರಿಂದ ಈ ಕೀರ್ತಿಯಲ್ಲಿ ನಮ್ಮ ನಾಡಿಗೂ ಪಾಲಿದೆ ಎಂದು ನಾನು ವಾದಿಸುವೆ.

ರೇಸ್‌ಕೋರ್ಸಿನ ಲೀಸ್ 2013ರಲ್ಲಿ ಮುಗಿಯಿತು. 2024ರಲ್ಲಿ ಅದರ 211 ಎಕರೆಯಲ್ಲಿ 120 ಎಕರೆಯನ್ನು ಉದ್ಯಾನಕ್ಕೆಂದು ಪಾಲಿಕೆಗೆ ಬಿಡುವುದೆಂದಾಯಿತು. ಮಕ್ಕಳಿಗೆ ಆಡಲು ಜಾಗ ಬೇಕು, ಒಪ್ಪುತ್ತೇನೆ. ಹಳೆಯ ಓಟಗಳ ಗುರುತೇ ಅಳಿಸಿಹೋದೀತೆಂಬ ಅಳುಕೂ ಇದೆ. ಉದ್ಯಾನದಲ್ಲಿ ಎಲ್ಲಾದರೂ ಒಂದು ಕಲ್ಲು ನಿಲ್ಲಿಸಿ ಸ್ಕ್ವಾಂಡರರ್ ಹೆಸರು, ಪಕ್ಕದಲ್ಲೇ ಪ್ರಿನ್ಸೆಸ್ ಬ್ಯೂಟಿಫುಲ್ ಹೆಸರು ಕೆತ್ತಿಸಬಾರದೇ?