ಸ್ವಲೀನತೆ (ಆಟಿಸಂ): ತಪಾಸಣೆ ಮತ್ತು ಪ್ರಮಾಣಪತ್ರ

ಸ್ವಲೀನತೆಯು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ನಮೂದಿಸಿರುವ 21 ವಿಧದ ಅಂಗವೈಕಲ್ಯಗಳಲ್ಲಿ ಒಂದಾಗಿರುತ್ತದೆ. ಹೆಸರು ಹಿಡಿದು ಕರೆದರೂ ಮಗು ತಿರುಗದಿರುವುದು, ಮುಖ ನೋಡದಿರುವುದು, ಮಾತು ತಡವಾಗುವುದು ಹಾಗೂ ಒಂದೇ ಚಟುವಟಿಕೆಯನ್ನು ಪುನರಾವರ್ತಿಸುವುದು ಇದರ ಪ್ರಮುಖ ಲಕ್ಷಣಗಳು.

ರಕ್ತಪರೀಕ್ಷೆ ಅಥವಾ ಸ್ಕ್ಯಾನಿಂಗ್‌ನಿಂದ ಇದನ್ನು ನಿರ್ಣಯಿಸಲಾಗದು. ತಜ್ಞರು ಪೋಷಕರಿಂದ ಬೆಳವಣಿಗೆಯ ವಿವರಗಳನ್ನು ಪಡೆದು, ಮಗುವಿನ ವರ್ತನೆಯನ್ನು ಗಮನಿಸುತ್ತಾರೆ. ಕಿವುಡುತನವಿಲ್ಲವೆಂಬುದನ್ನು ಶ್ರವಣ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. 40 ಅಂಶಗಳನ್ನೊಳಗೊಂಡ ಭಾರತೀಯ ಸ್ವಲೀನತೆ ಮಾಪಕದಲ್ಲಿ 70ರಿಂದ 106 ಅಂಕಗಳನ್ನು ಅಲ್ಪ, 107ರಿಂದ 153 ಅಂಕಗಳನ್ನು ಮಧ್ಯಮ ಹಾಗೂ ಅದಕ್ಕೂ ಮೇಲ್ಪಟ್ಟ ಅಂಕಗಳನ್ನು ತೀವ್ರ ಸ್ವಲೀನತೆ ಎಂದು ವರ್ಗೀಕರಿಸಲಾಗಿದೆ.

ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿಗಾಗಿ (ಯುಡಿಐಡಿ) ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಮಾತು ಹಾಗೂ ವರ್ತನೆಯ ತರಬೇತಿಯನ್ನು ಆರಂಭಿಸಲು ಪ್ರಮಾಣಪತ್ರಕ್ಕಾಗಿ ಕಾಯುವ ಅಗತ್ಯವಿರುವುದಿಲ್ಲ.