ಓಲೆಯ ಕಾವಲು

ಕಾರ್ಕಳದ ಬೆಟ್ಟದ ಮೇಲೆ ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದ ಗೊಮ್ಮಟನ ಪಕ್ಕದ ಶಾಸನ ಕಲ್ಲಿನದು. ಮಳೆ ಬಿಸಿಲುಗಳಿಗೆ ಅದು ಅಂಜುವುದಿಲ್ಲ. ಅಲ್ಲಿಗೆ ಅನತಿದೂರದ ಮೂಡಬಿದಿರೆಯಲ್ಲಿರುವ ಧವಲಾ ಗ್ರಂಥಗಳ ಪಾಡು ಬೇರೆ. ಅವು ಹಳಗನ್ನಡ ಲಿಪಿಯ ತಾಳೆಯೋಲೆಗಳು. ಹುಳುವಿಗೂ ತೇವಕ್ಕೂ ತುತ್ತಾಗದಂತೆ ಕಾದವರಿದ್ದುದರಿಂದಲೇ ಅವು ಉಳಿದವು. ಅವನ್ನು ಯಾವಾಗ, ಯಾರು ಓದಬೇಕೆಂದು ಗೊತ್ತುಮಾಡಿದವರೂ ಆ ಕಾವಲಿನವರೇ. ಧವಲಾ ಟೀಕೆಯ ಮೊದಲ ಸಂಪುಟ ಅಚ್ಚಿನ ಬೆಳಕು ಕಂಡದ್ದು 1939ರಲ್ಲಿ.

ಜೀವಕೋಶದ ಕಥೆಯೂ ಇದಕ್ಕೆ ಹೊರತಲ್ಲ. 1953ರಲ್ಲಿ, ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಗಳು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದ ವರ್ಷವೇ, ವಾಟ್ಸನ್ ಮತ್ತು ಕ್ರಿಕ್‌ರು ಡಿ.ಎನ್.ಎ.ಯ ರಚನೆಯನ್ನು ತಿಳಿಸಿದರು. ಅದು ಕೋಶದ ಶಿಲಾಶಾಸನ. ಅದರ ನಕಲನ್ನು ಹೊತ್ತು ತರುವ ಓಲೆಯಾದ ಸಂದೇಶವಾಹಕ ಆರ್.ಎನ್.ಎ.ಯನ್ನು ಬ್ರೆನರ್, ಜಾಕೊಬ್, ಮೆಸೆಲ್ಸನ್‌ರು 1961ರಲ್ಲಿ ತೋರಿಸಿಕೊಟ್ಟರು. ಓಲೆ ಬಂದಿತು, ಓದಲಾಯಿತು, ಪ್ರೋಟೀನು ಸಿದ್ಧವಾಯಿತು. ಇಷ್ಟೇ ಎಂದು ಮೊದಮೊದಲು ತೋರಿತು. ಆದರೆ ಓಲೆಗೂ ಕಾವಲಿದೆಯೆಂಬುದು ಕ್ರಮೇಣ ತಿಳಿಯಿತು.

1987-88ರಲ್ಲಿ ಕಬ್ಬಿಣದ ವಿಷಯದಲ್ಲಿ ಇದು ಸ್ಪಷ್ಟವಾಯಿತು. ಕೋಶದಲ್ಲಿ ಕಬ್ಬಿಣವನ್ನು ಕೂಡಿಡುವ ಪತ್ತಾಯವೇ ಫೆರಿಟಿನ್. ಕಬ್ಬಿಣ ಕಡಿಮೆಯಾದಾಗ ಒಂದು ಪ್ರೋಟೀನು ಫೆರಿಟಿನ್ ಓಲೆಯ ತಲೆಭಾಗವನ್ನು ಹಿಡಿದು ಓದನ್ನೇ ತಡೆಯುತ್ತದೆ. ಭತ್ತವಿಲ್ಲದ ಮನೆಗೆ ಹೊಸ ಪತ್ತಾಯವೇಕೆ? ಅದೇ ಪ್ರೋಟೀನು ಕಬ್ಬಿಣವನ್ನು ಒಳತರುವ ಬಾಗಿಲಿನ ಓಲೆಯ ಬಾಲವನ್ನು ಹಿಡಿದು, ಅದು ನಾಶವಾಗದಂತೆ ಕಾಯುತ್ತದೆ. ಕಬ್ಬಿಣ ಒದಗಿದೊಡನೆ ಎರಡನ್ನೂ ಬಿಡುತ್ತದೆ. ಒಬ್ಬನೇ ಕಾವಲುಗಾರ, ಒಂದೆಡೆ ತಡೆ, ಇನ್ನೊಂದೆಡೆ ರಕ್ಷೆ. ಉಡುಪಿಯಲ್ಲಾಗಲಿ ಕಾಪುವಿನಲ್ಲಾಗಲಿ ರಕ್ತಹೀನತೆಯಿಂದ ಬಳಲುವ ಹುಡುಗಿಯ ಪರೀಕ್ಷೆಯ ಚೀಟಿಯಲ್ಲಿ ವೈದ್ಯರು ‘ಫೆರಿಟಿನ್’ ಎಂದು ಬರೆದರೆ, ಅವರು ಕೇಳುತ್ತಿರುವುದು ಈ ಪತ್ತಾಯದ ಲೆಕ್ಕವನ್ನೇ.

ಕಾವಲು ತಪ್ಪಿದರೆ ಏನಾದೀತು? 1991ರಲ್ಲಿ ಗುರುತಿಸಲಾದ ಎಫ್.ಎಂ.ಆರ್.-1 ಎಂಬ ಜೀನಿನ ಪ್ರೋಟೀನು ನರಕೋಶಗಳಲ್ಲಿ ಹಲವು ಓಲೆಗಳ ಓದನ್ನು ಹಿಡಿತದಲ್ಲಿಡುತ್ತದೆ. ಅದು ಹುಟ್ಟದ ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ. ಆ ಓಲೆಗಳಲ್ಲಿ ಒಂದಕ್ಷರವೂ ತಪ್ಪಿಲ್ಲ. ಕಾಯುವವನು ಮಾತ್ರ ಇಲ್ಲ.

ಸಾಹಿತ್ಯಚರಿತ್ರೆಯನ್ನು ಪಾಠ ಹೇಳುವ ನಾವು ಕವಿಯ ಕಾಲದೇಶಗಳನ್ನು ಚರ್ಚಿಸುತ್ತೇವೆ. ಓಲೆಯನ್ನು ಕಾದವನ ಹೆಸರನ್ನು ಕೇಳುವುದಿಲ್ಲ. ಬರೆದದ್ದು ಎಷ್ಟು ಮುಖ್ಯವೋ ಅದನ್ನು ಕಾಯುವುದೂ, ಹೊತ್ತರಿತು ಬಿಚ್ಚುವುದೂ ಅಷ್ಟೇ ಮುಖ್ಯವೆಂದು ನಮ್ಮ ಮೈಯ ಕಣಕಣವೂ ಬಲ್ಲುದು.