ಬೊಂಬಾಯಿಯ ಆರು, ದಂಡೋತಿಯ ಏಳು

ಬೊಂಬಾಯಿಯಲ್ಲಿ ದುಡಿದ ಆರು ರೂಪಾಯಿ ಊರು ಮುಟ್ಟುವಷ್ಟರಲ್ಲಿ ಏಳಾಗುತ್ತಿತ್ತು. ಇದು ಒಗಟಲ್ಲ, ಸರಾಫನ ಲೆಕ್ಕ. ಬ್ರಿಟಿಷ್ ಇಂಡಿಯಾದ ಆರು ಕಲದಾರ ರೂಪಾಯಿಗೆ ಹೆಚ್ಚುಕಡಿಮೆ ನಿಜಾಮನ ಏಳು ಹಾಲಿ ಸಿಕ್ಕಾ. ಒಂದರ ಮೇಲೆ ಇಂಗ್ಲೆಂಡಿನ ದೊರೆಯ ತಲೆ, ಇನ್ನೊಂದರ ಮೇಲೆ ಚಾರ್‌ಮಿನಾರ್. ಆ ಚಾರ್‌ಮಿನಾರಿನ ನಡುಗಮಾನಿನೊಳಗೆ ಕಣ್ಣಿಟ್ಟು ನೋಡಿದರೆ ಪುಟ್ಟದೊಂದು ಅರಬ್ಬಿ ಅಕ್ಷರ, ‘ಐನ್’. ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನನ ಹೆಸರಿನ ಮೊದಲಕ್ಷರ ಅದು. ಕಾಗಿಣಾ ನದಿಯ ದಂಡೆಯ ಹಳೆಯ ಮನೆಗಳಲ್ಲಿ ದೇವರ ಜಗುಲಿಯ ಬೆಳ್ಳಿ ನಾಣ್ಯಗಳನ್ನು ತೊಳೆಯುವಾಗ ಇವೆರಡೂ ಒಟ್ಟಿಗೇ ಕೈಗೆ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಯಾರೋ ಹೋಗಿದ್ದರು, ಯಾರೋ ಮರಳಿದ್ದರು.

ಪರದೇಶದಿಂದ ಮರಳುವುದು ಎಂದರೆ ಈಗ ವಿಮಾನ, ವೀಸಾ, ದುಬೈ, ಅಮೆರಿಕ. ಚಿತ್ತಾಪುರ ತಾಲ್ಲೂಕಿನ ದಂಡೋತಿಗೆ, ಆಚೀಚಿನ ಸೇಡಂ, ಚಿಂಚೋಳಿ, ಶಹಾಬಾದಗಳಿಗೆ 1948ರವರೆಗೆ ಬೊಂಬಾಯಿಯೇ ಪರದೇಶವಾಗಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ಅಂಚೆಚೀಟಿ, ಕರೋಡಗಿರಿ ಎಂಬ ತನ್ನದೇ ಸುಂಕದ ಇಲಾಖೆ. ಕಾಲವೂ ಬೇರೆಯೇ. ಕಚೇರಿ ಕಾಗದಗಳು ಫಸಲಿ ವರ್ಷದಲ್ಲಿ ನಡೆಯುತ್ತಿದ್ದವು, ತಿಂಗಳುಗಳ ಹೆಸರು ಪಾರಸಿಯವು. 1948ರ ಬೇಸಿಗೆಯಲ್ಲಿ ಸೋಲಾಪುರದಿಂದ ಚಿತ್ತಾಪುರಕ್ಕೆ ಬಂದಿಳಿದವನು ಕಾಗದದ ಮಟ್ಟಿಗೆ 1357ನೇ ಇಸವಿಗೆ ಬಂದಿಳಿದಂತೆ. ಊರಿನವರ ಮಾತಿನಲ್ಲಿ ‘ದೇಶಾಂತರ ಹೋಗ್ಯಾನ’ ಎಂದರೆ ಸಮುದ್ರ ದಾಟಿದ ಎಂದು ಅರ್ಥವಲ್ಲ. ಮನೆ ಬಿಟ್ಟು, ಹೊಲ ಬಿಟ್ಟು, ಸುದ್ದಿ ಸಿಗದಷ್ಟು ದೂರ ಹೋದ ಎಂದರ್ಥ.

ಹೋಗುವ ದಾರಿ ತೆರೆದದ್ದು ರೈಲು. ಮುಂಬೈಯಿಂದ ಹೊರಟ ಜಿಐಪಿ ಕಂಪನಿಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಮೂರು ವರ್ಷಕ್ಕೆ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಹಣದ ಹಳಿ ಬಿತ್ತು. ವಾಡಿ ಎಂಬ ಸಣ್ಣ ಊರು ಜಂಕ್ಷನ್ ಆಯಿತು. ಮುಂಬೈ ಕಡೆಯಿಂದ ಬಂದವರು ಅಲ್ಲಿ ಗಾಡಿ ಬದಲಿಸಿ ಚಿತ್ತಾಪುರದಲ್ಲೋ, ಮಳಖೇಡ ರೋಡ್‌ನಲ್ಲೋ, ಸೇಡಂನಲ್ಲೋ ಇಳಿಯಬೇಕು; ಅಲ್ಲಿಂದ ಮುಂದೆ ಕಾಲು, ಇಲ್ಲವೆ ಎತ್ತಿನ ಬಂಡಿ. ಹಳಿ ಬಿದ್ದು ಎರಡೇ ವರ್ಷಕ್ಕೆ 1876–78ರ ಮಹಾ ಬರ ಬಂತು. 1877ರಲ್ಲಿ ಸೋಲಾಪುರದಲ್ಲಿ ಬಟ್ಟೆ ಗಿರಣಿ ಶುರುವಾಯಿತು, ಮುಂದೆ ಜನ ಅದನ್ನು ‘ಜೂನಿ ಮಿಲ್’ ಎಂದೇ ಕರೆದರು. ರೈಲು, ಬರ, ಗಿರಣಿ ಮೂರೂ ಹೀಗೆ ಒಂದರ ಬೆನ್ನಿಗೆ ಒಂದು ಬಂದವು. ಗುಳೆಗೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ಜನಕ್ಕಿಂತ ಸಲೀಸಾಗಿ ಹೋದದ್ದು ಕಲ್ಲು. ಶಹಾಬಾದ್, ವಾಡಿ, ಚಿತ್ತಾಪುರದ ಖಣಿಗಳಿಂದ ಎದ್ದ ಫರ್ಸಿ ರೈಲು ಹತ್ತಿ ಹೋಗಿ ಮಹಾರಾಷ್ಟ್ರದ ಚಾಳು, ವಾಡೆ, ಅಂಗಳಗಳಲ್ಲಿ ಹಾಸಿಕೊಂಡಿತು. ಅಲ್ಲಿನ ಮರಾಠಿಯಲ್ಲಿ ಇವತ್ತಿಗೂ ಅದು ‘ಶಹಾಬಾದಿ ಫರಶಿ’. ನೀಲಿ ಮಿಶ್ರಿತ ಬೂದು ಬಣ್ಣ, ಬೇಸಿಗೆಯಲ್ಲಿ ಬರಿಗಾಲಿಗೆ ತಣ್ಣಗೆ, ತಿಕ್ಕಿದಷ್ಟೂ ನುಣುಪು. ಪರವೂರಿನ ಚಾಳಿನಲ್ಲಿ ಹತ್ತು ಜನರ ನಡುವೆ ಒತ್ತಿಕೊಂಡು ಮಲಗಿದವನ ಬೆನ್ನಿಗೆ ತನ್ನ ಊರಿನ ನೆಲವೇ ತಾಗುತ್ತಿತ್ತು. ಕಲ್ಲು ಮಾತ್ರ ಮರಳಿ ಬರುವಂತಿರಲಿಲ್ಲ.

ಮನುಷ್ಯ ಮರಳಿ ಬರುತ್ತಿದ್ದ, ಅದೂ ಹೆಚ್ಚಾಗಿ ಪಂಚಾಂಗ ನೋಡಿಕೊಂಡು. ತೊಗರಿ ರಾಶಿ, ಬಿಳಿಜೋಳದ ರಾಶಿ ಮುಗಿದ ಮೇಲೆ ಹೋಗುವುದು, ಮಿರಗದ ಮಳೆಗೆ ಬಿತ್ತಲು ಬರುವುದು. ನಡುವೆ ಯುಗಾದಿ, ಜಾತ್ರೆ, ತಂಗಿಯ ಮದುವೆ. ಕೆಲವರು ಒಂದು ಮಳೆಗಾಲ ಬರಲಿಲ್ಲ, ಆಮೇಲೆ ಹತ್ತು ಮಳೆಗಾಲ ಬರಲಿಲ್ಲ. ಅಂಥವರು ಬಂದಾಗಲೇ ‘ಇವನು ನಮ್ಮವನೋ’ ಎಂಬ ಪ್ರಶ್ನೆ ಏಳುತ್ತಿದ್ದದ್ದು.

ಆ ಪ್ರಶ್ನೆಗೆ ಸಂಸ್ಥಾನ ಕಾನೂನಿನ ಉತ್ತರವನ್ನೇ ಕೊಟ್ಟಿತ್ತು. 1919ರ ಮುಲ್ಕಿ ನಿಯಮಗಳ ಪ್ರಕಾರ ಸರ್ಕಾರಿ ನೌಕರಿ ಮುಲ್ಕಿಗಳಿಗೆ, ಅಂದರೆ ನಾಡಿನವರಿಗೆ. ಗೈರ್ ಮುಲ್ಕಿಗೆ ಬೇಕಿದ್ದರೆ ನಿಜಾಮನ ವಿಶೇಷ ಅಪ್ಪಣೆ ಆಗಬೇಕು. ಹೊರಗಿನವನು ಮುಲ್ಕಿಯಾಗಲು ಹದಿನೈದು ವರ್ಷ ಕಾಯಂ ವಾಸ ಮಾಡಿರಬೇಕು. ಅಷ್ಟೇ ಸಾಲದು. ಹಿಂದಿದ್ದ ಊರಿಗೆ ಮರಳುವ ಇರಾದೆಯನ್ನು ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ರುಜು ಇರುವ ಪ್ರಮಾಣಪತ್ರ ಒಪ್ಪಿಸಬೇಕು. ಮರಳುವ ಆಸೆಯನ್ನು ಮುದ್ರೆ ಒತ್ತಿಸಿ ಬಿಟ್ಟುಕೊಡುವುದು! ಮನಸ್ಸಿನೊಳಗೆ ಉಳಿದದ್ದನ್ನು ಯಾವ ಮ್ಯಾಜಿಸ್ಟ್ರೇಟ್ ಪರೀಕ್ಷಿಸಿದನೋ. ಆದರೂ ಈ ನಿಯಮ ಬರೆದವನಿಗೆ ವಲಸೆಯ ಗುಟ್ಟು ಗೊತ್ತಿತ್ತು ಎಂದು ಒಪ್ಪಬೇಕು: ಮನುಷ್ಯ ಎಲ್ಲಿದ್ದಾನೆ ಎನ್ನುವುದಕ್ಕಿಂತ ಎಲ್ಲಿಗೆ ಮರಳಬೇಕೆಂದಿದ್ದಾನೆ ಎಂಬುದೇ ಅವನ ಊರನ್ನು ಹೇಳುತ್ತದೆ.

1947ರ ಆಗಸ್ಟ್ 15ರಿಂದ ಹದಿಮೂರು ತಿಂಗಳು ಬೊಂಬಾಯಿ ನಿಜಕ್ಕೂ ಬೇರೆ ದೇಶವಾಯಿತು. ಭಾರತದೊಡನೆ ಯಥಾಸ್ಥಿತಿ ಒಪ್ಪಂದ ಆದ ಬೆನ್ನಿಗೇ ಹೈದರಾಬಾದ್ ಸರ್ಕಾರ ತನ್ನ ನೆಲದಲ್ಲಿ ಭಾರತದ ರೂಪಾಯಿಯ ಚಲಾವಣೆಗೆ ತಡೆ ಹಾಕಿತು. ದುಡಿದು ತಂದ ಕಲದಾರ ಈಗ ನಡೆಯದ ನಾಣ್ಯ. ನಿಜಾಮನ ಪರ ನಿಂತ ರಜಾಕಾರರ ಹಾವಳಿಗೆ ಹೆದರಿದ ಕುಟುಂಬಗಳು ಗಡಿ ದಾಟಿ ಸೋಲಾಪುರ, ಬಿಜಾಪುರ ಜಿಲ್ಲೆಗಳಲ್ಲಿ ಆಸರೆ ಪಡೆದವು. ಗಡಿಯುದ್ದಕ್ಕೂ ಹೋರಾಟದ ಶಿಬಿರಗಳು ಎದ್ದವು; ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರ ಅವುಗಳಲ್ಲಿ ಹೆಸರಾದದ್ದು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ, ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಜೈಲಿನಲ್ಲಿದ್ದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ಎಲ್ಲ ಮುಗಿಯಿತು. ಗಡಿಯಾಚೆ ಹೋದವರು ಮನೆಗೆ ಮರಳಿದರು.

ವಿಮೋಚನಾ ದಿನದ ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ನಿಲ್ಲಬಾರದು. ಒಬ್ಬರು ಮರಳಿದ ದಾರಿಯಲ್ಲೇ ಇನ್ನೊಬ್ಬರು ಊರು ಬಿಟ್ಟರು. ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಮುಸ್ಲಿಮರ ಮೇಲಿನ ಪ್ರತೀಕಾರದ ಹಿಂಸೆಯನ್ನು ದಾಖಲಿಸಿ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅದರ ಅಂದಾಜು. ನಿಜಾಮನ ಪಡೆಗಳಲ್ಲಿ ತಲೆಮಾರುಗಳಿಂದ ಇದ್ದ ಹದ್ರಮೌತ್ ಮೂಲದ ಅರಬರನ್ನು ಹಿಡಿದಿಟ್ಟು, ಎಷ್ಟೋ ಮಂದಿಯನ್ನು ‘ತಾಯ್ನಾಡಿಗೆ’ ಹಡಗು ಹತ್ತಿಸಲಾಯಿತು. ದಖ್ಖನಿನಲ್ಲೇ ಹುಟ್ಟಿ, ಇಲ್ಲಿಯ ರೊಟ್ಟಿ ತಿಂದು ಬೆಳೆದವನಿಗೆ ಆ ತಾಯ್ನಾಡು ಶಿಕ್ಷೆಯಂತೆಯೇ ಬಂದಿರಬೇಕು.

1956ರ ನವೆಂಬರ್ 1ಕ್ಕೆ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯ ಸೇರಿತು. ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸೇಡಂ, ಚಿಂಚೋಳಿಯವರ ಬೀಗರು ಊರು ಬಿಡದೆಯೇ ಪರರಾಜ್ಯದವರಾದರು. ಹಾಲಿ ಸಿಕ್ಕಾ 1959ರಲ್ಲಿ ಪೂರ್ತಿ ರದ್ದಾಯಿತು.

ಮುಂದಿನ ದೊಡ್ಡ ಮರಳುವಿಕೆಯನ್ನು ಈಗಿನವರೇ ಕಂಡಿದ್ದಾರೆ. 2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಸೌದಿ ಅರೇಬಿಯಾದಿಂದ ಮರಳಿ ಕೆಲವೇ ದಿನಗಳಾಗಿದ್ದವು. ದೇಶದ ಮೊದಲ ಕೋವಿಡ್ ಸಾವು ಅದು. ಲಾಕ್‌ಡೌನ್ ನಡುವೆ, ಮೇ ತಿಂಗಳಲ್ಲಿ, ಶ್ರಮಿಕ ರೈಲುಗಳು ಮುಂಬೈ, ಪುಣೆಯ ಕಟ್ಟಡ ಕೆಲಸದವರನ್ನು ತಂದಿಳಿಸಿದವು. ಅವರಲ್ಲಿ ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ತಾಂಡಾಗಳವರೂ ಇದ್ದರು. ಕೈಗೆ ಮುದ್ರೆ, ಶಾಲೆ–ಹಾಸ್ಟೆಲುಗಳಲ್ಲಿ ಕ್ವಾರಂಟೈನ್. ಸರ್ಕಾರ ಆರಂಭದಲ್ಲಿ ಬಳಸಿದ ಕಾಯ್ದೆ 1897ರದು. ಮುಂಬೈ ಪ್ಲೇಗಿನ ಕಾಲದಲ್ಲಿ ಮಾಡಿದ ಅದೇ ಕಾಯ್ದೆ, ರೈಲು ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡುವ ಅಧಿಕಾರ ಕೊಟ್ಟದ್ದು. ನೂರಿಪ್ಪತ್ತು ವರ್ಷ ಕಳೆದರೂ ಮುಂಬೈಯಿಂದ ಮರಳಿದವನನ್ನು ಊರು ಮೊದಲು ಅನುಮಾನಿಸಿತು, ಆಮೇಲೆ ಉಂಡೆಯಾ ಎಂದು ಕೇಳಿತು.

ಆ ವರ್ಷ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ದಂಡೋತಿಯ ಸೇತುವೆ ಮುಳುಗಿತು. ಅದು ಹೊಸದೇನಲ್ಲ, ಮಳೆ ಜೋರಾದ ವರ್ಷ ಚಿತ್ತಾಪುರ–ಕಲಬುರಗಿ ದಾರಿ ಅಲ್ಲೇ ನಿಲ್ಲುತ್ತದೆ. ಮುಂಬೈಯಿಂದ ಬಂದವನು ಮನೆ ಕಾಣುವ ದೂರದಲ್ಲಿ ನೀರು ಇಳಿಯಲೆಂದು ಕಾಯುತ್ತಾನೆ.

ಮುಲ್ಕಿಯ ಪ್ರಶ್ನೆಯೂ ಸತ್ತಿಲ್ಲ. ಸಂವಿಧಾನದ 371(ಜೆ) ವಿಧಿ ಈ ಭಾಗದ ಶಿಕ್ಷಣ, ನೌಕರಿಯಲ್ಲಿ ಮೀಸಲಾತಿಯನ್ನು ‘ಹುಟ್ಟಿನಿಂದ ಅಥವಾ ವಾಸದಿಂದ’ ಇಲ್ಲಿಗೆ ಸೇರಿದವರಿಗೆ ಇಟ್ಟಿದೆ. ಚಿತ್ತಾಪುರ, ಚಿಂಚೋಳಿಯವರಿಗೆ ಅರ್ಹತಾ ಪತ್ರ ಸಿಗುವುದು ಸೇಡಂನ ಸಹಾಯಕ ಆಯುಕ್ತರ ಕಚೇರಿಯಲ್ಲಿ. ಪರವೂರಿನಲ್ಲಿ ಹುಟ್ಟಿ ಬೆಳೆದ ಮಕ್ಕಳೊಂದಿಗೆ ಮರಳಿದ ಕುಟುಂಬಕ್ಕೆ ಅಲ್ಲಿ ಬೇಕಾಗುವುದು ನೆನಪಲ್ಲ, ಕಾಗದ. ನಿಮ್ಮ ಅಜ್ಜನ ಟ್ರಂಕಿನಲ್ಲಿ ಉರ್ದು ಲಿಪಿಯ, ಫಸಲಿ ವರ್ಷದ ಹಳೆಯ ಪಹಣಿಯೊಂದು ಮಡಿಚಿಟ್ಟದ್ದಿದ್ದರೆ, ಓದಲು ಬರುವುದಿಲ್ಲವೆಂದು ರದ್ದಿಗೆ ಹಾಕಬೇಡಿ.